ಮಾತಿಲ್ಲದಿರುವದು ಸಮಾಧಾನವೋ?

ಎರಡು ಜಡೆಗಳು ಒಂದು ಕಡೆಯಲ್ಲಿ ಕೂಡಲಾರವೆಂಬ ಗಾದೆಯನ್ನು ನಮ್ಮ ಗ್ರಾಮಗಳಲ್ಲಿ ಕೇಳದವರಿಲ್ಲ. ಹೊಲದ ಬದುವಿನಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಹೇಳುವ ಈ ಮಾತು ದೇವಾಲಯದ ಅಂಗಳಕ್ಕೂ ಬಂದು ಸೇರಿದೆ. ಸ್ತ್ರೀಯರ ಕೂಟದಲ್ಲಿ ಇಬ್ಬರಿಗೆ ಮನಸ್ತಾಪವಾಯಿತೆಂಬ ವರ್ತಮಾನವು ಸಭೆಯ ಹಿರಿಯರ ಕಿವಿಗೆ ಬಿದ್ದರೆ, ಅವರು ಈ ಗಾದೆಯನ್ನು ಹೇಳಿ, ನಕ್ಕು, ಮುಂದಿನ ಕಾರ್ಯಕ್ಕೆ ಹೋಗುವರು. ನಾವೂ ಹಾಗೆ ನಕ್ಕವರೇ. ಆದಕಾರಣ ಇತರರಿಗೆ ಬುದ್ಧಿ ಹೇಳುವದಕ್ಕಿಂತ ಮೊದಲು ನಮ್ಮ ತಪ್ಪನ್ನೇ ವಾಚಕರ ಮುಂದೆ ಇಟ್ಟು, ಅದರಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇವೆ. ಆ ಪ್ರಶ್ನೆ ಯಾವದೆಂದರೆ: ಸಭೆಯಲ್ಲಿ ಜಗಳದ ಸದ್ದು ನಿಂತುಹೋದರೆ ಅದಕ್ಕೆ ಸಮಾಧಾನವೆಂದು ಹೆಸರಿಡಬಹುದೋ?

ಮೊದಲು ಆ ಗಾದೆಯನ್ನು ಪರೀಕ್ಷಿಸೋಣ. ನಮ್ಮಲ್ಲಿ ಯಾರು ದೊಡ್ಡವರೆಂದು ಕಪೆರ್ನೌಮಿನ ದಾರಿಯಲ್ಲಿ ವಾದಿಸಿದವರು ಯಾರು? ಹನ್ನೆರಡು ಮಂದಿ ಶಿಷ್ಯರು. ಕರ್ತನು ಶಿಲುಬೆಗೆ ಹೋಗುವದಕ್ಕೆ ಮುಂಚಿನ ರಾತ್ರಿ, ಭೋಜನದ ಪಂಕ್ತಿಯಲ್ಲಿಯೇ ಅದೇ ವಾದವನ್ನು ತಿರಿಗಿ ಎತ್ತಿದವರು ಯಾರು? ಅವರೇ. ಪೌಲನೂ ಬಾರ್ನಬನೂ ಮಾರ್ಕನ ವಿಷಯದಲ್ಲಿ ಒಬ್ಬರನ್ನೊಬ್ಬರು ಬಿಟ್ಟು, ಒಬ್ಬನು ಕುಪ್ರದ್ವೀಪಕ್ಕೂ ಮತ್ತೊಬ್ಬನು ಸಿರಿಯದ ಕಡೆಗೂ ಹೊರಟುಹೋದರು. ಅದನ್ನು ಹೇಳುವಾಗ ಲೂಕನು ಉಪಯೋಗಿಸಿದ ಗ್ರೀಕ್ ಪದವು ತೀಕ್ಷ್ಣವಾದ ಉದ್ರೇಕವನ್ನು ತೋರಿಸುವಂಥದ್ದು. ಇವರಲ್ಲಿ ಯಾರೂ ಹೆಂಗಸರಲ್ಲ. ಹೀಗಿರಲಾಗಿ ಕಲಹವು ಸ್ತ್ರೀಜಾತಿಯ ಗುಣವೆಂದು ಹೇಳುವದು ಸತ್ಯವಲ್ಲ. ಅದು ಮನುಷ್ಯಜಾತಿಯ ರೋಗ. ಆದರೆ ಗಾದೆಯು ಸುಳ್ಳೆಂಬದಕ್ಕಿಂತಲೂ ಅದು ಮಾಡುವ ಕೆಡುಕು ದೊಡ್ಡದು. ಯಾಕಂದರೆ ವಾಸಿಯಾಗದೆಂದು ಮೊದಲೇ ನಂಬಿದ ರೋಗಕ್ಕೆ ಯಾರೂ ಔಷಧ ಹುಡುಕುವದಿಲ್ಲ. ಗಂಡಸರ ಜಗಳಕ್ಕೆ ಪಂಚಾಯಿತಿ ಕೂಡಿಸುತ್ತೇವೆ. ಹೆಂಗಸರ ಜಗಳಕ್ಕೆ ಗಾದೆ ಹೇಳುತ್ತೇವೆ.

ಇನ್ನು ನಮ್ಮ ತಪ್ಪಿನ ಸಂಗತಿ. ಸ್ತ್ರೀಯರು ಅಡಿಗೆಗೆ ಅಕ್ಕಿ ತೆಗೆಯುವಾಗ ಒಂದೊಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ಇಟ್ಟು, ಅದನ್ನು ಕೂಡಿಸಿ ತಂದು ದೇವರ ಸೇವೆಗೆ ಕೊಡುವ ವಾಡಿಕೆ ಅನೇಕ ಗ್ರಾಮ ಸಭೆಗಳಲ್ಲಿ ಉಂಟು. ನಾವು ಉಪದೇಶಿಯಾಗಿ ಸೇವೆ ಮಾಡುತ್ತಿದ್ದ ಒಂದು ಸಭೆಯಲ್ಲಿ ಇಬ್ಬರು ತಾಯಂದಿರು ಈ ಕೆಲಸವನ್ನು ನಡಿಸುತ್ತಿದ್ದರು. ಹಿರಿಯಾಕೆಯು ಅಕ್ಕಿಯನ್ನು ಅಳೆದು ಪುಸ್ತಕದಲ್ಲಿ ಬರೆಸುವಳು. ಕಿರಿಯಾಕೆಯು ಅದನ್ನು ಪೇಟೆಗೆ ಒಯ್ದು ಮಾರಿ ಹಣವನ್ನು ತರುವಳು. ಕಾಯಿಲೆಯವರ ಮನೆಗೆ ಗಂಜಿ ಒಯ್ಯುವದರಲ್ಲಿಯೂ, ಬಾಣಂತಿಯರನ್ನು ನೋಡಿಕೊಳ್ಳುವದರಲ್ಲಿಯೂ ಈ ಇಬ್ಬರೇ ಮುಂದು. ಒಂದು ಬೆಳೆಹಬ್ಬದಲ್ಲಿ ಲೆಕ್ಕ ನೋಡಿದಾಗ, ಪುಸ್ತಕದಲ್ಲಿ 60 ಸೇರು ಇದ್ದದ್ದು ಪೇಟೆಯ ಚೀಟಿಯಲ್ಲಿ 52 ಸೇರಾಗಿತ್ತು. ಎಂಟು ಸೇರು ಏನಾಯಿತೆಂದು ಹಿರಿಯಾಕೆಯು ಎಲ್ಲರ ಮುಂದೆ ಕೇಳಿದಳು. ಕೇಳಿದ್ದು ಅಷ್ಟೇ, ಆದರೆ ಕಿರಿಯಾಕೆಯ ಕಿವಿಗೆ ಅದು ಕಳ್ಳಿ ಎಂಬ ಮಾತಾಗಿ ಬಿದ್ದಿತು. ಸ್ವರಗಳು ಏರಿದವು. ಹಬ್ಬದ ದಿನ ಇದು ಬೇಡವೆಂದು ನಾವೂ ಹಿರಿಯರೂ ಇಬ್ಬರನ್ನೂ ಗದರಿಸಿ, ಪ್ರಾರ್ಥನೆ ಮಾಡಿ, ಇಬ್ಬರಿಂದಲೂ ಆಮೆನ್ ಅನ್ನಿಸಿ ಮನೆಗೆ ಕಳುಹಿಸಿದೆವು.

ಆ ದಿನದಿಂದ ಅವರು ಜಗಳವಾಡಲಿಲ್ಲ. ಮಾತನ್ನೂ ಆಡಲಿಲ್ಲ. ಆರಾಧನೆಯಲ್ಲಿ ಒಬ್ಬಳು ಕಿಟಕಿಯ ಬಳಿ, ಒಬ್ಬಳು ಬಾಗಿಲ ಬಳಿ ಕೂತಳು; ಅವರವರ ನಂಟರೂ ಅವರವರ ಹಿಂದೆ ಕೂತರು. ನಾವು ವರದಿಯಲ್ಲಿ, ಸಭೆಯು ಸಮಾಧಾನದಿಂದಿದೆ ಎಂದು ಬರೆದೆವು. ಹೀಗೆ ಎರಡು ವರುಷಗಳು ಸಮೀಪಿಸಿದವು. ಒಂದು ಮಳೆಗಾಲದಲ್ಲಿ ನಾವು ಮನೆಗಳನ್ನು ಸಂದರ್ಶಿಸುತ್ತಾ ಊರಿನ ಅಂಚಿನಲ್ಲಿದ್ದ ಒಬ್ಬ ಬಡ ವಿಧವೆಯ ಗುಡಿಸಲಿಗೆ ಹೋದಾಗ, ಆಕೆಯು ಮೂರು ದಿನಗಳಿಂದ ಜ್ವರದಲ್ಲಿ ಬಿದ್ದಿದ್ದಳು. ಒಲೆಯಲ್ಲಿ ಬೂದಿ ತಣ್ಣಗಾಗಿತ್ತು. ವಿಚಾರಿಸಲಾಗಿ ತಿಳಿದದ್ದೇನೆಂದರೆ, ಕಿಟಕಿಯ ಕಡೆಯವರು ಬಾಗಿಲ ಕಡೆಯವರು ಹೋಗಿರುವರೆಂದೂ, ಬಾಗಿಲ ಕಡೆಯವರು ಕಿಟಕಿಯ ಕಡೆಯವರು ಹೋಗಿರುವರೆಂದೂ ತಿಳುಕೊಂಡು ಒಬ್ಬರೂ ಬಂದಿರಲಿಲ್ಲ. ಮೊದಲಾಗಿದ್ದರೆ ಇಬ್ಬರೂ ಬಾವಿಯ ಕಟ್ಟೆಯಲ್ಲಿ ಮಾತಾಡಿಕೊಂಡು ಗೊತ್ತುಮಾಡುತ್ತಿದ್ದರು. ಗಂಜಿ ಕುಡಿದು ಸ್ವಲ್ಪ ಚೇತರಿಸಿದ ಮೇಲೆ ಆ ವಿಧವೆಯು ನಮ್ಮನ್ನು ನೋಡಿ, “ಉಪದೇಶಿಗಳೇ, ನಮ್ಮ ಸಭೆಯಲ್ಲಿ ಜಗಳವೇ ಇಲ್ಲವೆಂದು ಹೋದ ಆದಿತ್ಯವಾರ ಸ್ತೋತ್ರ ಮಾಡಿದಿರಲ್ಲಾ” ಅಂದಳು. ಆಕೆ ಹಾಸ್ಯ ಮಾಡಲಿಲ್ಲ, ನಿಂದಿಸಲೂ ಇಲ್ಲ. ಆದರೂ ಆ ಮಾತು ನಮ್ಮನ್ನು ಆ ರಾತ್ರಿ ಮಲಗಗೊಡಲಿಲ್ಲ. ಬೂದಿ ಮುಚ್ಚಿದ ಕೆಂಡವನ್ನು ನಾವು ಆರಿದ ಒಲೆಯೆಂದು ಬರೆದಿದ್ದೆವು. ಆ ಕೆಂಡದ ಉರಿ ತಗಲಿದ್ದು ಜಗಳವಾಡಿದ ಇಬ್ಬರಿಗಲ್ಲ, ಏನೂ ತಿಳಿಯದ ಒಬ್ಬ ಬಡವಳಿಗೆ.

ಈ ಸಂಕಟದಲ್ಲಿ ನಾವು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವನ್ನು ತೆರೆದೆವು. ಫಿಲಿಪ್ಪಿಯು ಮಕೆದೋನ್ಯದ ಒಂದು ಪಟ್ಟಣ. ಈಗಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ ಕವಾಲ ಎಂಬ ರೇವುಪಟ್ಟಣಕ್ಕೆ ಸಮೀಪವಾಗಿ ಅದರ ಪಾಳುಗಳು ಇವೆ. 2016ರಲ್ಲಿ ಯುನೆಸ್ಕೋ ಸಂಸ್ಥೆಯವರು ಅವುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಪೌಲನು ಸುಮಾರು ಕ್ರಿ.ಶ. 50ರಲ್ಲಿ ಅಲ್ಲಿಗೆ ಬಂದಾಗ, ಸಬ್ಬತ್ ದಿನದಲ್ಲಿ ಊರಬಾಗಿಲಿನ ಹೊರಗೆ ನದಿಯ ತೀರದಲ್ಲಿ ಪ್ರಾರ್ಥನೆಗೆ ಕೂಡಿದ್ದವರು ಸ್ತ್ರೀಯರು. ಅವರಲ್ಲಿ ಥುವತೈರದವಳಾದ ಲುದ್ಯಳೆಂಬವಳು ಧೂಮ್ರವರ್ಣದ ವಸ್ತ್ರಗಳನ್ನು ಮಾರುವವಳು. ಆಕೆಯು ನಂಬಿ, ಮನೆಯವರೊಂದಿಗೆ ದೀಕ್ಷಾಸ್ನಾನ ಹೊಂದಿ, ತನ್ನ ಮನೆಯನ್ನು ಸಭೆಗೆ ತೆರೆದಳು. ಯೂರೋಪ್ ಖಂಡದಲ್ಲಿ ಪೌಲನು ಸ್ಥಾಪಿಸಿದ ಮೊದಲನೆಯ ಸಭೆಗೆ ಸ್ತ್ರೀಯರೇ ಅಸ್ತಿವಾರವಾದರು. ಕೆಲವು ವರುಷಗಳ ಮೇಲೆ ಅದೇ ಸಭೆಯಲ್ಲಿ ಯುವೊದ್ಯ, ಸುಂತುಕೆ ಎಂಬ ಇಬ್ಬರು ಸ್ತ್ರೀಯರಿಗೆ ಮನಸ್ಸು ಮುರಿಯಿತು. ಪೌಲನು ಬೇಡಿಗಳಲ್ಲಿದ್ದನು, ತನ್ನ ಜೀವವು ಉಳಿಯುವದೋ ಇಲ್ಲವೋ ಎಂಬ ಸಂದೇಹದಲ್ಲಿದ್ದವನು ಈ ಇಬ್ಬರಿಗೋಸ್ಕರ ತನ್ನ ಪತ್ರಿಕೆಯಲ್ಲಿ ಸ್ಥಳ ಮಾಡಿದನು.

ಪುರಾತನ ಕಾಲದಿಂದಲೂ ಈ ಇಬ್ಬರನ್ನು ಮರೆಮಾಡುವದಕ್ಕೆ ಪ್ರಯತ್ನಗಳಾಗಿವೆ. ಅವರಲ್ಲಿ ಒಬ್ಬಳು ಗಂಡಸೆಂದು ಕೆಲವರು ಹೇಳಿದರು. 1611ರ ಇಂಗ್ಲಿಷ್ ಭಾಷಾಂತರದಲ್ಲಿ ಯುವೊದ್ಯಳ ಹೆಸರು ಗಂಡಸಿನ ಹೆಸರಿನಂತೆ ಅಚ್ಚಾಯಿತು. 1881ರ ಪರಿಷ್ಕರಣದಲ್ಲಿ ಅದನ್ನು ತಿದ್ದಿದರು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತರಲ್ಲಿ ಕೆಲವರು, ಇವರು ಮನುಷ್ಯರೇ ಅಲ್ಲ, ಎರಡು ಪಂಗಡಗಳ ಗುರುತುಗಳು ಮಾತ್ರ ಅಂದರು. ಆದರೆ ಮುಂದಿನ ವಚನದ ಗ್ರೀಕ್ ಸರ್ವನಾಮವು ಸ್ತ್ರೀಲಿಂಗದ್ದಾಗಿರುವದರಿಂದ ಸಂದೇಹಕ್ಕೆ ಎಡೆಯಿಲ್ಲ. 407ರಲ್ಲಿ ನಿದ್ರೆಹೋದ ಯೋಹಾನ ಕ್ರಿಸೋಸ್ತೊಮನು, ಇವರು ಆ ಸಭೆಯಲ್ಲಿ ಮುಖ್ಯರಾಗಿದ್ದರೆಂದು ತನಗೆ ತೋರುವದಾಗಿ ಹೇಳಿದ್ದಾನೆ. ದೊಡ್ಡವರಾದ ಇಬ್ಬರು ಸ್ತ್ರೀಯರು ಜಗಳವಾಡಿದರೆ, ಅವರು ಸ್ತ್ರೀಯರಲ್ಲವೆಂದೋ ಅಥವಾ ಅವರ ಜಗಳ ದೊಡ್ಡದಲ್ಲವೆಂದೋ ಹೇಳಿಬಿಡುವದು ನಮ್ಮ ಕಾಲದ ತಪ್ಪು ಮಾತ್ರವಲ್ಲ.

ಪೌಲನು ಮಾಡಿದ್ದೇನು? ಅವನ ಎರಡು ವಚನಗಳಲ್ಲಿ ನಾವು ನಾಲ್ಕು ಸಂಗತಿಗಳನ್ನು ಕಂಡೆವು.

ಮೊದಲನೆಯದು, ಅವನು ಇಬ್ಬರನ್ನೂ ಸಮನಾಗಿ ಬೇಡಿಕೊಂಡನು. ಗ್ರೀಕ್ ಮೂಲದಲ್ಲಿ ಬೇಡಿಕೊಳ್ಳುತ್ತೇನೆಂಬ ಕ್ರಿಯಾಪದವು ಎರಡು ಸಾರಿ ಬಂದಿದೆ. ಯುವೊದ್ಯಳಿಗೆ ಒಂದು, ಸುಂತುಕೆಗೆ ಒಂದು. ಒಂದೇ ಪದದಲ್ಲಿ ಇಬ್ಬರನ್ನೂ ಕಟ್ಟಿಹಾಕಲಿಲ್ಲ. ಒಬ್ಬಳ ಪಕ್ಷವನ್ನು ಹಿಡಿಯಲೂ ಇಲ್ಲ. ಇದಲ್ಲದೆ ಅವನು ಅಪೊಸ್ತಲನಾಗಿ ಅಪ್ಪಣೆ ಕೊಡಬಹುದಾಗಿದ್ದರೂ ಬೇಡಿಕೊಂಡನು. ನಾವಾದರೋ ಇಬ್ಬರನ್ನೂ ಒಟ್ಟಿಗೆ ಗದರಿಸಿದ್ದೆವು. ಒಟ್ಟಿಗೆ ಗದರಿಸುವದು ನಿಷ್ಪಕ್ಷಪಾತವೆಂದು ನಮಗೆ ತೋರಿತ್ತು. ಅದು ಇಬ್ಬರ ಮಾತನ್ನೂ ಕೇಳದಿರುವ ಸುಲಭವಾದ ಉಪಾಯವಾಗಿತ್ತು.

ಎರಡನೆಯದು, ಅವನು ಕೇಳಿಕೊಂಡದ್ದು ಒಂದೇ ಅಭಿಪ್ರಾಯವನ್ನಲ್ಲ, ಕರ್ತನಲ್ಲಿ ಒಂದೇ ಮನಸ್ಸನ್ನು. ಈ ಪದವನ್ನೇ ಅವನು ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿಯೂ ಉಪಯೋಗಿಸಿದ್ದಾನೆ. ಅಲ್ಲಿ ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡು ದಾಸನ ರೂಪವನ್ನು ಧರಿಸಿಕೊಂಡ ಮನಸ್ಸನ್ನು ಸಭೆಯ ಮುಂದೆ ಇಡುತ್ತಾನೆ. ಹೀಗಿರಲಾಗಿ ಒಂದೇ ಮನಸ್ಸೆಂದರೆ ಒಬ್ಬಳ ಯೋಚನೆಗೆ ಮತ್ತೊಬ್ಬಳು ತಲೆಬಾಗುವದಲ್ಲ. ಇಬ್ಬರೂ ಕರ್ತನ ತಾಳ್ಮೆಗೆ ತಲೆಬಾಗುವದು. ಸಾರಿಗೆ ಎಷ್ಟು ಹುಳಿ ಹಿಂಡಬೇಕೆಂಬದರಲ್ಲಿ ಒಂದೇ ಮನೆಯ ಅಕ್ಕತಂಗಿಯರಿಗೂ ಭೇದವಿರುವದು. ಅದರಿಂದ ಮನೆ ಒಡೆಯುವದಿಲ್ಲ. ತನ್ನ ಮಾತೇ ನಡೆಯಬೇಕೆಂಬ ಹಟದಿಂದ ಒಡೆಯುವದು.

ಮೂರನೆಯದು, ಅವನು ಒಬ್ಬ ಸಹಾಯಕನನ್ನು ಕರೆದನು. ಆ ಸಹಾಯಕನನ್ನು ಅವನು ಕರೆಯುವ ಗ್ರೀಕ್ ಪದಕ್ಕೆ ನೊಗದ ಜೊತೆಗಾರನೆಂದು ಅರ್ಥ. ನಮ್ಮ ಬೇಸಾಯಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೊಗಕ್ಕೆ ಕೊರಳು ಕೊಟ್ಟವನು ದೂರದಲ್ಲಿ ನಿಂತು ತೀರ್ಪು ಹೇಳುವವನಲ್ಲ. ತಾನೂ ಭಾರ ಎಳೆಯುವವನು. ಇಬ್ಬರಿಂದ ಆಗದ ಸಮಾಧಾನಕ್ಕೆ ಮೂರನೆಯವರು ಬೇಕೆಂದು ಒಪ್ಪಿಕೊಳ್ಳುವದು ನಾಚಿಕೆಯಲ್ಲ.

ನಾಲ್ಕನೆಯದು, ಅವರು ಪೂರ್ವದಲ್ಲಿ ಮಾಡಿದ ಸೇವೆಯನ್ನು ಅವನು ಸಭೆಯ ಮುಂದೆ ಜ್ಞಾಪಕಮಾಡಿದನು. ಸುವಾರ್ತೆಯ ಕಾರ್ಯದಲ್ಲಿ ಅವರು ತನ್ನೊಂದಿಗೆ ಹೋರಾಡಿದರೆಂದು ಹೇಳುವಾಗ, ಪಂದ್ಯದಲ್ಲಿ ಒಂದೇ ಪಕ್ಷದವರಾಗಿ ಸೆಣಸುವವರ ಮಾತನ್ನು ಅವನು ಉಪಯೋಗಿಸಿದನು. ಜಗಳವಾಡುವವರಿಗೆ ಜಗಳದ ದಿನವೇ ಕಣ್ಣು ತುಂಬ ಇರುವದು. ಅದಕ್ಕೆ ಹಿಂದಿನ ಹತ್ತು ವರುಷಗಳು ಮರೆತುಹೋಗುವವು. ಪತ್ರಿಕೆಯನ್ನು ಸಭೆಯಲ್ಲಿ ಓದುವಾಗ ಅವರ ಜಗಳವನ್ನು ಎಲ್ಲರೂ ಕೇಳಿದರು; ಅವರ ಮಾನವನ್ನೂ ಎಲ್ಲರೂ ಕೇಳಿದರು. ಜಗಳದ ಕಾರಣವನ್ನಾದರೋ ಪೌಲನು ಬಯಲಿಗೆ ಹಾಕಲಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆಯು ಬೇಕು. ಪ್ರತಿಯೊಂದು ಮನಸ್ತಾಪವೂ ಸಮನಾದ ಇಬ್ಬರ ಜಗಳವಲ್ಲ. ಸಾರಳು ಯಜಮಾನಿ, ಹಾಗರಳು ದಾಸಿ. ಅವರಿಬ್ಬರನ್ನು ಕರೆದು ಐಕ್ಯದಿಂದಿರಿ ಎಂದಷ್ಟೇ ಹೇಳಿದರೆ, ಹೊಡೆತ ತಿನ್ನುವವಳಿಗೆ ಇನ್ನೂ ತಿನ್ನು ಎಂದು ಹೇಳಿದ ಹಾಗಾಗುವದು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರ ವಿಧವೆಯರನ್ನು ದಿನದಿನದ ಹಂಚಿಕೆಯಲ್ಲಿ ಅಲಕ್ಷ್ಯಮಾಡುತ್ತಾರೆಂಬ ಗುಣುಗುಟ್ಟುವಿಕೆ ಎದ್ದಾಗ, ಅಪೊಸ್ತಲರು ತಾಳಿಕೊಳ್ಳಿರೆಂದು ಆ ವಿಧವೆಯರಿಗೆ ಉಪದೇಶಿಸಲಿಲ್ಲ. ಸಭೆಯನ್ನು ಕೂಡಿಸಿ ಏಳು ಮಂದಿಯನ್ನು ಆರಿಸಿ ಹಂಚಿಕೆಯ ಕೆಲಸವನ್ನೇ ಅವರಿಗೆ ಒಪ್ಪಿಸಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬದನ್ನು ವಾಚಕರು ಗಮನಿಸಬೇಕು. ದೂರು ಹೇಳಿದವರ ಭಾಷೆಯನ್ನು ಬಲ್ಲವರ ಕೈಗೆ ಹಂಚಿಕೆಯು ಹೋಯಿತು. ಅನ್ಯಾಯವಿದ್ದಲ್ಲಿ ಅದನ್ನು ಸರಿಪಡಿಸುವದೇ ಸಮಾಧಾನದ ಮೊದಲನೆಯ ಮೆಟ್ಟಲು. ಅನ್ಯಾಯವೋ ಅಪಾರ್ಥವೋ ಎಂದು ತಿಳಿಯಬೇಕಾದರೆ ಕೇಳಬೇಕು. ಬಾಯಿ ಮುಚ್ಚಿಸಿದ ಮೇಲೆ ಕೇಳುವದು ಹೇಗೆ?

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಬಹು ವರುಷ ಸ್ತ್ರೀಯರ ಕೂಟವನ್ನು ನಡಿಸಿದ್ದ ಒಬ್ಬ ವೃದ್ಧ ತಾಯಿಯ ಬಳಿಗೆ ಹೋಗಿ, ನೊಗಕ್ಕೆ ಕೊರಳು ಕೊಡಬೇಕೆಂದು ಬೇಡಿಕೊಂಡೆವು. ಎರಡು ಜಡೆಯ ಗಾದೆಯನ್ನು ನಾವು ಎತ್ತಿದಾಗ ಆಕೆಯು, “ಅಯ್ಯಾ, ನೀವು ಜಡೆ ಹೆಣೆದವರಲ್ಲ. ಎರಡೆಳೆ ಹಿಡಿದು ಹೆಣೆದರೆ ಬಿಚ್ಚಿಕೊಳ್ಳುತ್ತದೆ, ಮೂರನೆಯ ಎಳೆ ಸೇರಿದರೆ ನಿಲ್ಲುತ್ತದೆ” ಅಂದಳು. ಆಕೆಯು ಒಂದು ತಿಂಗಳು ಇಬ್ಬರ ಜಗಲಿಯಲ್ಲಿಯೂ ಕೂತು, ಅವರು ಹೇಳಿದ್ದನ್ನೆಲ್ಲಾ ಕೇಳಿ, ಒಬ್ಬಳ ಮಾತನ್ನು ಮತ್ತೊಬ್ಬಳಿಗೆ ಒಯ್ಯದೆ, ಕಡೆಗೆ ಇಬ್ಬರನ್ನೂ ತನ್ನ ಮನೆಗೆ ಕರೆದಳು. ನಾವೂ ಹೋದೆವು. ಆಕೆಯು ಒಂದು ಮೂಟೆ ಅಕ್ಕಿಯನ್ನೂ ಸೇರನ್ನೂ ಮುಂದಿಟ್ಟು, ಇಬ್ಬರೂ ಅಳೆಯಿರಿ ಅಂದಳು. ಹಿರಿಯಾಕೆಯು ಸೇರಿನ ಬಾಯನ್ನು ಕೈಯಿಂದ ಸವರಿ ಸಮಮಾಡಿ ಅಳೆದಳು. ಕಿರಿಯಾಕೆಯು, ಪೇಟೆಯಲ್ಲಿ ಸಾಹುಕಾರರು ಅಳೆಸಿಕೊಳ್ಳುವ ಪ್ರಕಾರ, ಮೇಲೆ ರಾಶಿಯಾಗಿ ನಿಲ್ಲುವಂತೆ ತುಂಬಿ ಅಳೆದಳು. ಎಂಟು ಸೇರು ಎಲ್ಲಿ ಹೋಯಿತೆಂಬದು ಕಾಲುಗಂಟೆಯಲ್ಲಿ ಗೊತ್ತಾಯಿತು. ಎರಡು ವರುಷದ ಹಿಂದೆ ಆ ಹಬ್ಬದ ದಿನವೇ ನಾವು ಗದರಿಸುವ ಬದಲಾಗಿ ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಲೆಕ್ಕವು ಸರಿಹೋಯಿತು; ಮನಸ್ಸು ಅಷ್ಟು ಬೇಗ ಸರಿಹೋಗಲಿಲ್ಲ. ಕಿರಿಯಾಕೆಯು ಸೇರನ್ನು ಕೆಳಗಿಟ್ಟು, “ಅಕ್ಕಾ, ಅಕ್ಕಿಯನ್ನು ಅಳೆದಾಯಿತು. ಎರಡು ವರುಷ ಕಳ್ಳಿ ಎಂಬ ಹೆಸರನ್ನು ಹೊತ್ತೆನಲ್ಲಾ, ಅದನ್ನು ಯಾವ ಸೇರಿನಿಂದ ಅಳೆಯುತ್ತೀರಿ?” ಎಂದು ಕೇಳಿದಳು. ಹಿರಿಯಾಕೆಯು ನಾನು ಕಳ್ಳಿ ಎನ್ನಲಿಲ್ಲವೆಂದು ಹೇಳಬಹುದಾಗಿತ್ತು, ಮತ್ತು ಅದು ನಿಜವೂ ಆಗಿತ್ತು. ಆದರೆ ಆಕೆಯು ಹಾಗೆ ಹೇಳದೆ ಬಹಳ ಹೊತ್ತು ಸುಮ್ಮನಿದ್ದು, “ಎಲ್ಲರ ಮುಂದೆ ಕೇಳಿದೆ, ಎಲ್ಲರ ಮುಂದೆಯೇ ಹೇಳುತ್ತೇನೆ” ಅಂದಳು. ಮುಂದಿನ ಆದಿತ್ಯವಾರ ಸಭೆಯ ಮುಂದೆ ಆಕೆಯು ಎದ್ದು ನಿಂತು ಅಳತೆಯ ಸಂಗತಿಯನ್ನು ತಿಳಿಸಿ, ಕ್ಷಮೆಯನ್ನು ಬೇಡಿಕೊಂಡಳು. ಆಕೆಯ ತರುವಾಯ ನಾವೂ ನಿಂತು, ನಾವು ಸುಳ್ಳು ವರದಿಯನ್ನು ಬರೆದೆವೆಂದು ಒಪ್ಪಿಕೊಂಡೆವು. ಅದು ನಮಗೆ ಸುಲಭವಾಗಿರಲಿಲ್ಲವೆಂದು ಹೇಳಲೇಬೇಕು.

ಆ ದಿನವೇ ಅವರು ಪ್ರಾಣಸ್ನೇಹಿತೆಯರಾದರೆಂದು ನಾವು ಬರೆದರೆ ಅದು ಇನ್ನೊಂದು ಸುಳ್ಳು ವರದಿಯಾದೀತು. ಸವರಿದ ಅಳತೆಯೇ ಸರಿಯೆಂದು ಹಿರಿಯಾಕೆಯು ಮುಂದೆಯೂ ಹೇಳುತ್ತಿದ್ದಳು. ಕಿರಿಯಾಕೆಯು ಕೆಲವು ಕಾಲ ಬಾಗಿಲ ಬಳಿಯಲ್ಲಿಯೇ ಕೂತಳು. ಆದರೆ ಮುಂದಿನ ವಾರ ಆ ವಿಧವೆಯ ಗುಡಿಸಲಿಗೆ ಇಬ್ಬರೂ ಗಂಜಿ ಒಯ್ದು ಒಂದೇ ಹೊತ್ತಿಗೆ ಬಾಗಿಲಲ್ಲಿ ಎದುರಾದರೆಂದೂ, ಎರಡು ಪಾತ್ರೆ ಯಾಕೆ, ನಾಳೆಯಿಂದ ಸರದಿ ಹಾಕಿಕೊಳ್ಳೋಣವೆಂದು ಒಬ್ಬಳು ಹೇಳಿದಳೆಂದೂ ಆ ವಿಧವೆಯೇ ನಮಗೆ ತಿಳಿಸಿದಳು. ಎರಡು ವರುಷಗಳಲ್ಲಿ ಅದು ಅವರಾಡಿದ ಮೊದಲನೆಯ ಬೀದಿಯ ಮಾತು. ಒಂದೇ ಮನಸ್ಸೆಂದರೆ ಏನೆಂದು ನಾವು ಆ ಮಾತಿನಲ್ಲಿ ತಿಳುಕೊಂಡೆವು.

ಆದಕಾರಣ ನಮ್ಮ ಸಭೆಗಳ ತಾಯಂದಿರಿಗೂ ಅಕ್ಕತಂಗಿಯರಿಗೂ ಹಿರಿಯರಿಗೂ ನಾವು ಕೆಲವು ಮಾತುಗಳನ್ನು ಪ್ರೀತಿಯಿಂದ ಹೇಳುತ್ತೇವೆ. ಮನಸ್ಸಿಗೆ ನೋವಾದಾಗ, ಕರ್ತನು ಕಲಿಸಿದ ಪ್ರಕಾರ ಮೊದಲು ನೋಯಿಸಿದವಳ ಬಳಿಗೇ ಒಬ್ಬಳಾಗಿ ಹೋಗಿರಿ; ಬಾವಿಯ ಕಟ್ಟೆಯು ಎರಡನೆಯ ಸ್ಥಳವೂ ಅಲ್ಲ, ಮೂರನೆಯದೂ ಅಲ್ಲ. ಅದರಿಂದ ಆಗದಿದ್ದರೆ ಇಬ್ಬರೂ ನಂಬುವ ಒಬ್ಬ ತಾಯಿಯನ್ನು ಕರೆಯಿರಿ. ಮಾತನ್ನು ಹೊತ್ತು ತಿರುಗುವವಳನ್ನು ಕರೆಯಬೇಡಿರಿ. ಹಣವಾಗಲಿ ಧಾನ್ಯವಾಗಲಿ ಸ್ತ್ರೀಯರ ಕೂಟದಲ್ಲಿ ಕೂಡಿದರೆ, ಒಂದೇ ಅಳತೆಯಿಂದ ಇಬ್ಬರ ಮುಂದೆ ಅಳೆದು, ತಿಂಗಳಿಗೊಂದು ಸಾರಿ ಎಲ್ಲರಿಗೂ ಓದಿ ಹೇಳಿರಿ. ಸಂಶಯಕ್ಕೆ ಎಡೆಕೊಡದಿರುವದೂ ಪ್ರೀತಿಯೇ. ಕಾಣಿಕೆಯನ್ನು ಯಜ್ಞವೇದಿಯ ಬಳಿ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗೆಂದು ಕರ್ತನು ಹೇಳಿದ್ದು ಸಹೋದರಿಯರಿಗೂ ಸಲ್ಲುವದು; ಆದಕಾರಣ ಕರ್ತನ ಭೋಜನಕ್ಕೆ ಬರುವ ವಾರದಲ್ಲಿಯೇ ಈ ಕಾರ್ಯವನ್ನು ಮಾಡಿಮುಗಿಸಿರಿ. ಒಬ್ಬಳ ಮಾನವು ಎಲ್ಲರ ಮುಂದೆ ಹೋಗಿದ್ದರೆ, ಎಲ್ಲರ ಮುಂದೆಯೇ ಅದನ್ನು ತಿರಿಗಿ ಕೊಡಿರಿ. ಹಿರಿಯರೇ, ಬಲವುಳ್ಳವಳು ಬಲವಿಲ್ಲದವಳನ್ನು ತುಳಿಯುವಲ್ಲಿ ತಾಳ್ಮೆಯ ಉಪದೇಶವನ್ನು ತುಳಿಸಿಕೊಂಡವಳಿಗೆ ಮಾಡಬೇಡಿರಿ. ಮತ್ತು ಗಾದೆ ಹೇಳಿ ನಗುವದನ್ನು ಬಿಟ್ಟುಬಿಡಿರಿ.

ಯುವೊದ್ಯಳೂ ಸುಂತುಕೆಯೂ ಕಡೆಗೆ ಕೈಹಿಡಿದರೋ ಎಂಬದನ್ನು ಸತ್ಯವೇದವು ಹೇಳದೆ ಬಿಟ್ಟಿದೆ. ಅವರ ಹೆಸರುಗಳು ಜೀವಬಾಧ್ಯರ ಪಟ್ಟಿಯಲ್ಲಿ ಬರೆದಿರುವವರ ಸಾಲಿನಲ್ಲಿವೆಯೆಂದು ಮಾತ್ರ ಪೌಲನು ಜಗಳದ ನಡುವೆಯೇ ಹೇಳಿದನು. ಪ್ರಿಯ ವಾಚಕರೇ, ನಮ್ಮ ಸಭೆಯಲ್ಲಿ ಕಿಟಕಿಯ ಬಳಿಯಲ್ಲೊಬ್ಬಳೂ ಬಾಗಿಲ ಬಳಿಯಲ್ಲೊಬ್ಬಳೂ ಕೂತಿದ್ದಾರೋ? ಇಬ್ಬರ ಹೆಸರೂ ಒಂದೇ ಪುಸ್ತಕದಲ್ಲಿ ಇರುವದು. ಅವರ ನಡುವೆ ಇರುವ ಮೌನವನ್ನು ಸಮಾಧಾನವೆಂದು ಕರೆಯದೆ, ಈ ವಾರವೇ ಯಾರಾದರೊಬ್ಬರು ಎದ್ದು ಅವರ ಜಗಲಿಗೆ ಹೋಗಲಿ. ಆ ಒಬ್ಬರು ನಾವೇ ಆಗುವ ಹಾಗೆ ಸಮಾಧಾನದ ದೇವರು ನಮಗೆ ಮನಸ್ಸು ಕೊಡಲಿ.